ಹಾಲುಣಿಸುವಾಗ ಎದೆ ಬಾವು: ಗುರುತಿಸುವುದು ಹೇಗೆ, ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಮಧ್ಯಾಹ್ನದವರೆಗೆ ಚೆನ್ನಾಗಿಯೇ ಇದ್ದಿರಿ. ಸಂಜೆಗೆ ಮೈ ಕಾದು, ಕೀಲುಕೀಲೆಲ್ಲ ನೋವು, ತಡೆಯಲಾರದ ಚಳಿ. ಫ್ಲೂ ಇರಬೇಕು ಅಂದುಕೊಂಡು ಹೊದ್ದು ಮಲಗುತ್ತೀರಿ. ಮಗು ಬಾಯಿ ಹಾಕಿದಾಗಲೇ ಗೊತ್ತಾಗುವುದು, ಒಂದು ಎದೆಯ ಪಕ್ಕ ಕಲ್ಲಿನಂತೆ ಗಟ್ಟಿಯಾಗಿದೆ, ಮುಟ್ಟಿದರೆ ಜೀವ ಹೋಗುವಷ್ಟು ನೋವಿದೆ. ನನಗೂ ಹೀಗೆಯೇ ಶುರುವಾಗಿದ್ದು. ಆಗ ಸಿಕ್ಕ ಸಲಹೆಗಳಲ್ಲಿ ಅರ್ಧದಷ್ಟು ತಪ್ಪು ಅಂತ ಆಮೇಲೆ ತಿಳಿಯಿತು. ಅದಕ್ಕೇ ಈ ಪುಟ.

ಓದುವ ಮೊದಲು ಒಂದು ಮಾತು. ಜ್ವರದ ಜೊತೆ ಉಸಿರು ಜೋರಾಗಿದ್ದರೆ, ಎದೆಬಡಿತ ತುಂಬಾ ಹೆಚ್ಚಾಗಿದ್ದರೆ, ತಲೆ ಸುತ್ತಿ ಬೀಳುವಂತಾಗುತ್ತಿದ್ದರೆ, ಮಾತು ತಡವರಿಸುತ್ತಿದ್ದರೆ ಅಥವಾ ಮೂತ್ರ ಬಹಳ ಕಡಿಮೆಯಾಗಿದ್ದರೆ ಇದನ್ನು ಓದುತ್ತಾ ಕೂರಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ.

ಎದೆ ಬಾವು ಅಂದರೆ ನಿಜವಾಗಿ ಏನು?

ಎದೆಯ ಒಳಭಾಗ ಊದಿಕೊಂಡು, ಬಿಸಿಯಾಗಿ, ನೋಯುವ ಸ್ಥಿತಿ. ಡಾಕ್ಟರು ಇದಕ್ಕೆ ಮಾಸ್ಟೈಟಿಸ್ ಅನ್ನುತ್ತಾರೆ. ಹಸು ಸಾಕಿದವರಿಗೆ ಕೆಚ್ಚಲು ಬಾವು ಗೊತ್ತಿರುತ್ತದಲ್ಲ, ಅದಕ್ಕೂ ವೈದ್ಯರ ಭಾಷೆಯಲ್ಲಿ ಇದೇ ಹೆಸರು. ಆ ಹೋಲಿಕೆಯಿಂದಲೋ ಏನೋ, "ಹಾಲು ಕೆಟ್ಟಿದೆ, ಹಿಂಡಿ ಚೆಲ್ಲಬೇಕು" ಅನ್ನುವ ಮಾತೂ ಬಂದುಬಿಡುತ್ತದೆ. ತಾಯಿಹಾಲಿನ ಮಟ್ಟಿಗೆ ಆ ಮಾತು ಸರಿಯಲ್ಲ.

ಇನ್ನೊಂದು ಮುಖ್ಯ ವಿಷಯ: ಬಾವು ಬೇರೆ, ಸೋಂಕು ಬೇರೆ. ಕಾಲು ಉಳುಕಿದಾಗ ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಕೆಂಪಾಗುತ್ತದೆ. ಅಲ್ಲಿ ಯಾವ ರೋಗಾಣುವೂ ಇರುವುದಿಲ್ಲ. ಎದೆ ಬಾವು ಕೂಡ ಬಹಳ ಸಲ ಹೀಗೆಯೇ ರೋಗಾಣು ಇಲ್ಲದೆ ಶುರುವಾಗುತ್ತದೆ. ಅಲ್ಲಿಗೇ ಇಳಿದುಹೋಗಬಹುದು, ಸೋಂಕಾಗಬಹುದು, ಕೆಲವರಲ್ಲಿ ಕೀವು ಕಟ್ಟುವವರೆಗೂ ಹೋಗಬಹುದು. ಇವೆಲ್ಲ ಒಂದೇ ದಾರಿಯ ಬೇರೆ ಬೇರೆ ಹಂತಗಳು.

ಇದು ಯಾವಾಗ ಬರುತ್ತದೆ?

ಹೆರಿಗೆಯ ನಂತರದ ಮೊದಲ 6 ವಾರಗಳಲ್ಲಿ ಜಾಸ್ತಿ. ಅದರಲ್ಲೂ ಎರಡನೆಯ, ಮೂರನೆಯ ವಾರದಲ್ಲಿ. ಆದರೆ ಹಾಲು ಕೊಡುತ್ತಿರುವ ಯಾವ ತಿಂಗಳಲ್ಲಾದರೂ ಬರಬಹುದು. ಮಗು ಇದ್ದಕ್ಕಿದ್ದಂತೆ ರಾತ್ರಿಯಿಡೀ ಮಲಗಲು ಶುರುಮಾಡಿದಾಗ, ತಾಯಿ ಕೆಲಸಕ್ಕೆ ಮರಳಿದಾಗ, ಹಾಲು ಬಿಡಿಸುವಾಗ ಸ್ವಲ್ಪ ಹುಷಾರಾಗಿರಬೇಕು.

ಒಳಗೆ ಏನಾಗುತ್ತದೆ? ಹಾಲು ಗಡ್ಡೆ ಕಟ್ಟಿ ನಾಳ ಮುಚ್ಚಿಕೊಳ್ಳುತ್ತದೆಯಾ?

ಹಾಗೆಂದೇ ಎಲ್ಲರೂ ಹೇಳುತ್ತಿದ್ದರು. ಪೈಪಿನಲ್ಲಿ ಕಸ ಸಿಕ್ಕಿಕೊಂಡ ಹಾಗೆ ಹಾಲಿನ ಗಟ್ಟಿ ಸಿಕ್ಕಿಕೊಂಡಿದೆ, ಒತ್ತಿ ಹೊರಗೆ ತಳ್ಳಬೇಕು ಅಂತ. ಆದರೆ ಹಾಲಿನ ನಾಳಗಳು ದಪ್ಪ ಪೈಪುಗಳಲ್ಲ. ತೀರಾ ಸಣ್ಣವು, ಗಿಡದ ಬೇರಿನಂತೆ ಕವಲೊಡೆದು ಹರಡಿಕೊಂಡಿರುತ್ತವೆ. ಹಾಲು ಹೆಚ್ಚಾಗಿ ತುಂಬಿದಾಗ ಸುತ್ತಲಿನ ಭಾಗ ಊದಿಕೊಳ್ಳುತ್ತದೆ. ಆ ಊತ ನಾಳವನ್ನು ಹೊರಗಿನಿಂದ ಅದುಮುತ್ತದೆ. ನಾಳ ಕಿರಿದಾಗಿ ಹಾಲು ಹರಿಯುವುದು ಕಡಿಮೆಯಾಗುತ್ತದೆ. ಹರಿಯದೆ ನಿಂತಷ್ಟೂ ಊತ ಇನ್ನೂ ಹೆಚ್ಚು.

ಅಂದರೆ ಅಡ್ಡಿ ಇರುವುದು ನಾಳದ ಒಳಗಲ್ಲ, ಹೊರಗೆ. ಈ ಒಂದು ವಿಷಯ ಅರ್ಥವಾದರೆ ಮುಂದಿನ ಸಲಹೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಊತ ಇಳಿಸಬೇಕು. ಗಟ್ಟಿ ಹೊರಗೆ ತಳ್ಳುವುದಲ್ಲ.

ಇದಕ್ಕೆ ದಾರಿ ಮಾಡಿಕೊಡುವ ಕಾರಣಗಳು ಹಲವು. ಮಗುವಿಗೆ ಬೇಕಾದದ್ದಕ್ಕಿಂತ ಹೆಚ್ಚು ಹಾಲು ಬರುವುದು, ಹಾಲು ತೆಗೆಯುವ ಪಂಪ್ ಅತಿಯಾಗಿ ಬಳಸುವುದು, ಹೊತ್ತಿಗೆ ಹಾಲು ಕುಡಿಸಲು ಆಗದಿರುವುದು, ಮಗು ತೊಟ್ಟನ್ನು ಸರಿಯಾಗಿ ಹಿಡಿಯದಿರುವುದು, ತೊಟ್ಟು ಬಿರಿಯುವುದು, ಬಿಗಿಯಾದ ಬ್ರಾ ಅಥವಾ ಚೀಲದ ಪಟ್ಟಿ ಒಂದೇ ಕಡೆ ಒತ್ತುತ್ತಿರುವುದು. ಕೆಲವೊಮ್ಮೆ ಯಾವ ಕಾರಣವೂ ಕಾಣುವುದಿಲ್ಲ. "ನನ್ನದೇ ತಪ್ಪು" ಅಂತ ಕೊರಗುವ ಅಗತ್ಯ ಇಲ್ಲ.

ಯಾವ ಲಕ್ಷಣಗಳನ್ನು ನೋಡಬೇಕು?

ಸಾಮಾನ್ಯವಾಗಿ ಒಂದೇ ಎದೆಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಭಾಗ ಗಟ್ಟಿ, ಊದಿರುತ್ತದೆ, ಮುಟ್ಟಿದರೆ ಬಿಸಿ, ನೋವು. ಚರ್ಮ ಕೆಂಪಾಗಿ ಹೊಳೆಯುತ್ತದೆ. ಹಾಲು ಕುಡಿಸುವಾಗ ಉರಿ. ಜೊತೆಗೆ ಜ್ವರ, ಚಳಿ, ಮೈಕೈ ನೋವು, ಏಳಲಾರದ ಸುಸ್ತು.

ಕೆಂಪು ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಓದಲು ಸಿಗುವ ಹೆಚ್ಚಿನ ಮಾಹಿತಿ ಬಿಳಿ ಚರ್ಮವನ್ನು ನೋಡಿ ಬರೆದದ್ದು. ನಮ್ಮಂಥ ಎಣ್ಣೆಗೆಂಪು, ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಆ ಜಾಗ ಸುತ್ತಲಿಗಿಂತ ಕಪ್ಪಾಗಿ, ನೇರಳೆ ಛಾಯೆಯಲ್ಲಿ ಕಾಣಬಹುದು. ಬರೀ ಹೊಳಪು ಮಾತ್ರ ಕಾಣಬಹುದು. ಏನೂ ಕಾಣದೆಯೂ ಇರಬಹುದು. ಆದ್ದರಿಂದ ಕಣ್ಣಿಗಿಂತ ಕೈಯನ್ನು ನಂಬಿ. ಅಂಗೈಯ ಹಿಂಭಾಗವನ್ನು ಎರಡೂ ಕಡೆ ಇಟ್ಟು ನೋಡಿ. ಒಂದು ಕಡೆ ಬಿಸಿ ಹೆಚ್ಚಿದೆಯಾ, ಚರ್ಮ ಬಿಗಿದಿದೆಯಾ, ನೋವು ಎಲ್ಲಿಂದ ಎಲ್ಲಿಯವರೆಗಿದೆ ಅಂತ ತಿಳಿಯುತ್ತದೆ. "ಕೆಂಪಾಗಿಲ್ಲವಲ್ಲ" ಅಂತ ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ.

ಹೆರಿಗೆಯಾಗಿ 3–4 ದಿನಕ್ಕೆ ಎರಡೂ ಎದೆ ಕಲ್ಲಿನಂತಾಗಿವೆ. ಇದೂ ಬಾವು ತಾನೇ?

ಬಹುಮಟ್ಟಿಗೆ ಅಲ್ಲ. ಇದು ಹಾಲಿಳಿದು ಎದೆ ಬಿಗಿಯುವುದು. ಸುಮಾರು 3ರಿಂದ 5ನೇ ದಿನ ಬರುತ್ತದೆ. ಎರಡೂ ಕಡೆ ಇರುತ್ತದೆ, ಇಡೀ ಎದೆ ಬಿಗಿಯುತ್ತದೆ, ಮೈ ಸ್ವಲ್ಪ ಬೆಚ್ಚಗಾಗಬಹುದು. ಮಗು ಪದೇ ಪದೇ ಕುಡಿಯುತ್ತಿದ್ದರೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ತೊಟ್ಟಿನ ಸುತ್ತಲಿನ ಭಾಗ ಗಟ್ಟಿಯಾಗಿ ಮಗುವಿಗೆ ಹಿಡಿಯಲು ಆಗದಿದ್ದರೆ, ಬೆರಳ ತುದಿಗಳಿಂದ ತೊಟ್ಟಿನ ಸುತ್ತ ಮೆಲ್ಲಗೆ ಎದೆಯ ಕಡೆಗೆ ಅದುಮಿ ಒಂದು ನಿಮಿಷ ಹಿಡಿದುಕೊಳ್ಳಿ. ಆ ಜಾಗ ಮೆತ್ತಗಾಗುತ್ತದೆ, ಮಗುವಿಗೆ ಸಿಗುತ್ತದೆ.

ಆದರೆ ಹೆರಿಗೆಯಾದ ಹೊಸದರಲ್ಲಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರವನ್ನು "ಹಾಲು ಜ್ವರ" ಅಂತ ಸುಮ್ನೆ ಬಿಡಬಾರದು. ಗರ್ಭಕೋಶದ ಸೋಂಕು, ಹೊಲಿಗೆಯ ಸೋಂಕು, ಮೂತ್ರದ ಸೋಂಕು ಎಲ್ಲವೂ ಜ್ವರವಾಗಿಯೇ ಕಾಣಿಸಿಕೊಳ್ಳುತ್ತವೆ. ಎದೆ ನೋಯುತ್ತಿದೆ ಅಂದ ಮಾತ್ರಕ್ಕೆ ಜ್ವರ ಅಲ್ಲಿಂದಲೇ ಬಂದದ್ದು ಅಂತ ಮನೆಯಲ್ಲಿ ಕೂತು ತೀರ್ಮಾನಿಸಲು ಆಗುವುದಿಲ್ಲ.

ಸಣ್ಣ ಗಂಟಿದೆ, ನೋವಿದೆ, ಜ್ವರ ಇಲ್ಲ. ಏನು ಮಾಡಲಿ?

ಇದು ಮೊದಲ ಮೆಟ್ಟಿಲು. ನಾಳ ಕಿರಿದಾಗಿ ಒಂದು ಕಡೆ ಹಾಲು ನಿಂತಿದೆ. ಎಂದಿನಂತೆ ಹಾಲು ಕೊಡುತ್ತಾ ಇರಿ, ತಣ್ಣನೆಯ ಪಟ್ಟಿ ಇಡಿ, ಬಿಗಿ ಬಟ್ಟೆ ತೆಗೆಯಿರಿ, ಮಲಗಿ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಗಂಟು ಕರಗುತ್ತದೆ.

ಜ್ವರ ಬಂದರೆ ಸೋಂಕು ಆಗಿದೆ ಅಂತಲೇ ಅರ್ಥವಾ?

ಇಲ್ಲ. ಬರೀ ಬಾವಿಗೂ ಜೋರು ಜ್ವರ, ಚಳಿ ಬರುತ್ತದೆ. ಥರ್ಮಾಮೀಟರ್ ನೋಡಿ ಇದು ಸೋಂಕೋ ಅಲ್ಲವೋ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ದಾರಿ ತೋರಿಸುವುದು ಸಮಯ. ಸರಿಯಾದ ಆರೈಕೆ ಮಾಡಿದ ಮೇಲೆ ಇಳಿಯುತ್ತಿದೆಯಾ, ಹಾಗೇ ಇದೆಯಾ, ಏರುತ್ತಿದೆಯಾ ಅನ್ನುವುದು.

ಆ ಎದೆಯ ಹಾಲನ್ನು ಮಗುವಿಗೆ ಕೊಡಬಹುದಾ?

ಕೊಡಬಹುದು. ಕೊಡಬೇಕು ಕೂಡ. ಆರೋಗ್ಯವಾಗಿ, ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಈ ಹಾಲಿನಿಂದ ತೊಂದರೆ ಇಲ್ಲ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಹಾಲು ಇನ್ನಷ್ಟು ಕಟ್ಟಿಕೊಂಡು ಬಾವು ಹೆಚ್ಚುತ್ತದೆ, ಕೀವಾಗುವ ಸಾಧ್ಯತೆಯೂ ಬೆಳೆಯುತ್ತದೆ.

ಎರಡು ಸಂದರ್ಭಗಳಲ್ಲಿ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ಒಂದು, ಮಗು ತಿಂಗಳು ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಆರೈಕೆಯಲ್ಲಿದ್ದರೆ. ಎರಡು, ತಾಯಿಗೆ ಎಚ್‌ಐವಿ ಇದ್ದರೆ. ಎದೆ ಬಾವು ಇದ್ದಾಗ ಹಾಲಿನ ಮೂಲಕ ವೈರಸ್ ಮಗುವಿಗೆ ದಾಟುವ ಅಪಾಯ ಹೆಚ್ಚುತ್ತದೆ. ಅಂಥವರು ಅದೇ ದಿನ ಡಾಕ್ಟರಿಗೆ ತಿಳಿಸಬೇಕು.

ಮಗು ಆ ಕಡೆ ಬಾಯಿ ಹಾಕಿ ತಿರುಗಿಸಿಬಿಡುತ್ತದೆ. ಯಾಕೆ?

ಬಾವು ಇದ್ದಾಗ ಹಾಲಿನಲ್ಲಿ ಸೋಡಿಯಂ ಹೆಚ್ಚಾಗಿ ಸ್ವಲ್ಪ ಉಪ್ಪಾಗುತ್ತದೆ. ಹರಿವೂ ನಿಧಾನ. ಮಗುವಿಗೆ ಇವೆರಡೂ ಹಿಡಿಸುವುದಿಲ್ಲ. ನಿದ್ದೆಗಣ್ಣಿನಲ್ಲಿದ್ದಾಗ ಪ್ರಯತ್ನಿಸಿ, ಮಗುವನ್ನು ಹಿಡಿಯುವ ರೀತಿ ಬದಲಿಸಿ ನೋಡಿ. ಆಗಲೇ ಇಲ್ಲ ಅಂದರೆ, ಮಗು ಕುಡಿಯುತ್ತಿದ್ದಷ್ಟು ಹಾಲನ್ನು ಕೈಯಿಂದಲೋ ಪಂಪಿನಿಂದಲೋ ತೆಗೆಯಿರಿ. ಅಷ್ಟು ಮಾತ್ರ.

ಗಂಟನ್ನು ಜೋರಾಗಿ ತಿಕ್ಕಿ, ಒತ್ತಿ ಹಾಲು ತೆಗೆಯಬೇಕು ಅನ್ನುತ್ತಾರಲ್ಲ?

ಬೇಡ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಾನೂ ಬಾಚಣಿಗೆಯ ಬೆನ್ನಿನಿಂದ ಅಳುತ್ತಾ ಉಜ್ಜಿದವಳೇ. ಮಾರನೆಯ ದಿನ ಗಂಟು ಎರಡರಷ್ಟಾಗಿತ್ತು, ಮೇಲೆ ನೀಲಿ ಕಲೆ ಬೇರೆ. ಒಳಗೆ ಊದಿರುವ ಮೆತ್ತನೆಯ ಭಾಗವನ್ನು ತಿಕ್ಕಿದರೆ ಅದಕ್ಕೆ ಪೆಟ್ಟಾಗುತ್ತದೆ. ಸಣ್ಣ ರಕ್ತನಾಳಗಳು ಒಡೆಯುತ್ತವೆ, ಊತ ಏರುತ್ತದೆ, ನಾಳ ಇನ್ನೂ ಕಿರಿದಾಗುತ್ತದೆ. ಉಳುಕಿದ ಕಾಲನ್ನು ಯಾರಾದರೂ ಹಾಗೆ ತಿಕ್ಕುತ್ತಾರಾ? ಕಂಪಿಸುವ ಯಂತ್ರ ಇಟ್ಟು ಒತ್ತುವುದೂ ಇದೇ ಲೆಕ್ಕ.

ಈ ಗೊಂದಲಕ್ಕೆ ಕಾರಣವೂ ಇದೆ. 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎದೆ ಬಾವಿನ ಬಗ್ಗೆ ಹೊರತಂದ ವರದಿಯಲ್ಲಿ ನಿಂತ ಹಾಲನ್ನು ಚೆನ್ನಾಗಿ ತೆಗೆಯುವುದಕ್ಕೇ ಒತ್ತು ಇತ್ತು. ಅದೇ ಬಾಯಿಂದ ಬಾಯಿಗೆ ಹೋಗುತ್ತಾ "ಪೂರ್ತಿ ಖಾಲಿ ಮಾಡು, ಎಷ್ಟೇ ನೋವಾದರೂ ಒತ್ತು" ಅಂತಾಯಿತು. 2022ರಲ್ಲಿ ಹಾಲುಣಿಸುವುದರ ಬಗ್ಗೆ ಕೆಲಸ ಮಾಡುವ ವೈದ್ಯರ ಸಂಸ್ಥೆಯಾದ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ತನ್ನ ಮಾರ್ಗಸೂಚಿಯನ್ನು ಬದಲಿಸಿತು. ಜೋರಾಗಿ ತಿಕ್ಕಬೇಡಿ, ಎದೆ ಖಾಲಿ ಮಾಡಲು ಹೋಗಬೇಡಿ, ಮಗುವಿಗೆ ಬೇಕಾದಷ್ಟೇ ಕುಡಿಸಿ, ಊತ ಇಳಿಸಿ ಅನ್ನುವುದು ಅದರ ಸಾರ. ಹಳೆಯ ರೀತಿಯಲ್ಲಿ ಕಲಿತ ಅನುಭವಸ್ಥರು ಇನ್ನೂ ಹಳೆಯದನ್ನೇ ಹೇಳುತ್ತಾರೆ. ಅವರದು ಕಾಳಜಿಯೇ, ಜಗಳ ಬೇಡ. ಆದರೆ ಕೈ ಹಾಕಲು ಬಿಡಬೇಡಿ.

ಮುಟ್ಟಲೇಬೇಕು ಅನಿಸಿದರೆ ಹೀಗೆ ಮಾಡಿ. ಮಲಗಿರುವ ಮಗುವಿನ ಕೆನ್ನೆ ಸವರುವಷ್ಟು ಹಗುರವಾಗಿ, ಚರ್ಮ ಮಾತ್ರ ಸರಿಯುವಂತೆ, ಎದೆಯಿಂದ ಕಂಕುಳ ಕಡೆಗೂ ಕೊರಳ ಕೆಳಗಿನ ಎಲುಬಿನ ಕಡೆಗೂ ಸವರಿ. ಅಲ್ಲಿ ಸೇರಿಕೊಂಡ ನೀರು ಇಳಿಯಲು ಇದು ನೆರವಾಗುತ್ತದೆ. ನೋವಾದರೆ ಒತ್ತಡ ಜಾಸ್ತಿಯಾಯಿತು ಅಂತಲೇ ಲೆಕ್ಕ.

ಹಾಗಾದರೆ ಗಂಟೆಗೊಮ್ಮೆ ಪಂಪ್ ಮಾಡುವುದೂ ಬೇಡವಾ?

ಬೇಡ. ಎದೆ ಲೆಕ್ಕ ಇಟ್ಟುಕೊಳ್ಳುತ್ತದೆ. ಎಷ್ಟು ತೆಗೆಯುತ್ತೀರೋ ಮುಂದಿನ ಸಲಕ್ಕೆ ಅಷ್ಟು ತಯಾರು ಮಾಡುತ್ತದೆ. ಖಾಲಿ ಮಾಡುವ ಭರದಲ್ಲಿ ಹೆಚ್ಚು ತೆಗೆದರೆ ಹೆಚ್ಚು ಹಾಲು ಬಂದು ಮತ್ತೆ ತುಂಬುತ್ತದೆ. ಪಂಪಿನಿಂದಲೇ ಹಾಲು ಕೊಡುವವರು ತಮ್ಮ ಎಂದಿನ ವೇಳೆ, ಎಂದಿನ ಪ್ರಮಾಣ ಮುಂದುವರಿಸಿದರೆ ಸಾಕು. ತೊಟ್ಟಿಗೆ ಹಿಡಿಯುವ ಬಟ್ಟಲಿನ ಅಳತೆ ಸರಿಯಿರಲಿ, ಎಳೆತ ನೋವಾಗದಷ್ಟಿರಲಿ. ಹಾಲು ಹೆಚ್ಚಿಸಲು ಏನಾದರೂ ಔಷಧಿ, ಪುಡಿ ತಗೊಳ್ಳುತ್ತಿದ್ದರೆ ಸದ್ಯಕ್ಕೆ ಅದರ ಬಗ್ಗೆ ಡಾಕ್ಟರನ್ನು ಕೇಳಿ.

ಬಿಸಿ ಕೊಡಬೇಕಾ, ತಣ್ಣಗಿಡಬೇಕಾ?

ತಣ್ಣಗೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 10–20 ನಿಮಿಷ ಇಡಿ. ಬರಿ ಚರ್ಮದ ಮೇಲೆ ನೇರವಾಗಿ ಬೇಡ. ದಿನಕ್ಕೆ ಹಲವು ಸಲ ಮಾಡಬಹುದು. ಬಿಸಿ ಶಾಖ ಕೊಟ್ಟರೆ ಕೆಲವರಿಗೆ ಹಿತ ಅನಿಸುತ್ತದೆ, ನಿಜ. ಬೆಚ್ಚನೆಯ ನೀರು ಹಾಕಿಕೊಂಡರೆ ತಪ್ಪೇನಿಲ್ಲ. ಆದರೆ ಬಿಸಿಗೆ ರಕ್ತದ ಹರಿವು ಹೆಚ್ಚಿ ಊತ ಏರಬಹುದು. ತುಂಬಾ ಹೊತ್ತು ಕಾವು ಕೊಡಬೇಡಿ.

ನೋವಿನ ಮಾತ್ರೆ ತಗೊಂಡರೆ ಮಗುವಿಗೆ ತೊಂದರೆಯಾ?

ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಹಾಲುಣಿಸುವಾಗ ತಗೊಳ್ಳಬಹುದಾದ ಮಾತ್ರೆಗಳು. ಹಾಲಿಗೆ ಸೇರುವುದು ಬಹಳ ಕಡಿಮೆ. ಐಬುಪ್ರೊಫೆನ್ ನೋವಿನ ಜೊತೆ ಊತವನ್ನೂ ಇಳಿಸುವುದರಿಂದ ಇಲ್ಲಿ ಹೆಚ್ಚು ಉಪಯೋಗ. ದೊಡ್ಡವರಿಗೆ ಸಾಮಾನ್ಯವಾಗಿ 400 ಮಿಲಿಗ್ರಾಂ, 6ರಿಂದ 8 ಗಂಟೆಗೊಮ್ಮೆ, ಹೊಟ್ಟೆಗೆ ಏನಾದರೂ ತಿಂದ ಮೇಲೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಮಾತ್ರೆಯಿಂದ ಕೆರಳುವ ಆಸ್ತಮಾ ಇರುವವರು ಮತ್ತು ಹೆರಿಗೆ ಸಮಯದಲ್ಲಿ ಬಿಪಿ ಏರಿದ್ದವರು ಕೇಳದೆ ತಗೊಳ್ಳಬಾರದು. ನೋವಿಗೆ ಆಸ್ಪಿರಿನ್ ಬೇಡ.

ಒಂದು ಎಚ್ಚರಿಕೆ. ಮಾತ್ರೆ ಜ್ವರವನ್ನು ಮುಚ್ಚಿಹಾಕುತ್ತದೆ. ಅದರ ಪ್ರಭಾವ ಇಳಿದಾಗ ಹೇಗಿದ್ದೀರಿ ಅನ್ನುವುದೇ ನಿಜವಾದ ಸ್ಥಿತಿ. ಜ್ವರ ನೋಡಿದ ಹೊತ್ತು, ಮಾತ್ರೆ ತಗೊಂಡ ಹೊತ್ತು ಎರಡನ್ನೂ ಬರೆದಿಡಿ.

ಮನೆಯಲ್ಲಿ ಎಷ್ಟು ಹೊತ್ತು ಕಾಯಬಹುದು?

ಗಡಿ 24 ಗಂಟೆ. ಮೇಲೆ ಹೇಳಿದ್ದೆಲ್ಲ ಮಾಡಿಯೂ ಒಂದು ದಿನದಲ್ಲಿ ಇಳಿಮುಖ ಕಾಣದಿದ್ದರೆ ಡಾಕ್ಟರನ್ನು ನೋಡಿ. ಪೂರ್ತಿ ವಾಸಿಯಾಗಿರಬೇಕು ಅಂತಲ್ಲ, ನಿನ್ನೆಗಿಂತ ಮೇಲು ಅನಿಸಬೇಕು.

ಕೆಲವರು 24 ಗಂಟೆಯೂ ಕಾಯಬಾರದು. ಜ್ವರ 38.5 ಡಿಗ್ರಿ ದಾಟಿ ಇಳಿಯುತ್ತಲೇ ಇಲ್ಲ, ಅಂದರೆ 101.3 ಫ್ಯಾರನ್‌ಹೀಟಿಗಿಂತ ಮೇಲೆ ನಿಂತಿದೆ. ತೊಟ್ಟು ಬಿರಿದು ಕೀವು ಕಾಣುತ್ತಿದೆ. ಹಾಲಿನಲ್ಲಿ ಕೀವಿದೆ. ಬಣ್ಣ ಬದಲಾದ ಜಾಗ ಗಂಟೆಗಂಟೆಗೂ ಹರಡುತ್ತಿದೆ (ಪೆನ್ನಿನಿಂದ ಅಂಚಿಗೆ ಗೆರೆ ಎಳೆದಿಟ್ಟರೆ ಸುಲಭವಾಗಿ ತಿಳಿಯುತ್ತದೆ). ಎರಡೂ ಎದೆಗಳಲ್ಲಿ ಒಟ್ಟಿಗೇ ಬಾವು ಬಂದಿದೆ. ಹೆರಿಗೆಯಾಗಿ ಇನ್ನೂ ಕೆಲವೇ ದಿನ. ಸಕ್ಕರೆ ಕಾಯಿಲೆ ಇದೆ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನಡೆಯುತ್ತಿದೆ. ಇಂಥವರು ಅದೇ ದಿನ ತೋರಿಸಿ.

ಇನ್ನು ಕೆಲವಕ್ಕೆ ಅದೇ ಗಂಟೆ: ಮೈ ನಡುಗಿಸುವ ಚಳಿ ನಿಲ್ಲುತ್ತಿಲ್ಲ, ಉಸಿರು ಜೋರು, ಎದೆಬಡಿತ ಜೋರು, ಚರ್ಮ ತಣ್ಣಗೆ ಬಿಳಿಚಿಕೊಂಡಿದೆ, ಗೊಂದಲ, ಎದ್ದು ನಿಂತರೆ ಕಣ್ಣು ಕತ್ತಲೆ, ಪದೇ ಪದೇ ವಾಂತಿ, ಮೂತ್ರ ಇಲ್ಲ. ಇವು ಸೋಂಕು ರಕ್ತಕ್ಕೆ ಹರಡಿರಬಹುದಾದ ಸೂಚನೆ. ಅಪರೂಪ, ಆದರೆ ಪ್ರಾಣಕ್ಕೆ ಅಪಾಯ. ಜೊತೆಗೊಬ್ಬರನ್ನು ಕರೆದುಕೊಂಡು ತುರ್ತು ವಿಭಾಗಕ್ಕೆ ಹೋಗಿ. "ಹೆರಿಗೆಯಾಗಿ ಇಷ್ಟು ದಿನ ಆಗಿದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ.

ಡಾಕ್ಟರಿಗೆ ಏನೇನು ಹೇಳಬೇಕು?

ನೋವು ಯಾವಾಗ ಶುರುವಾಯಿತು, ಜ್ವರ ಎಷ್ಟು, ಯಾವ ಮಾತ್ರೆ ತಗೊಂಡಿರಿ, ಯಾವ ಔಷಧಿ ಅಲರ್ಜಿ, ಮೊದಲೂ ಹೀಗಾಗಿತ್ತಾ. ಹಾಲು ಕೊಡುವುದನ್ನು ಮುಂದುವರಿಸುತ್ತೇನೆ, ಅದಕ್ಕೆ ಹೊಂದುವ ಔಷಧಿ ಕೊಡಿ ಅಂತ ಬಾಯಿಬಿಟ್ಟು ಹೇಳಿ. ಎದೆ ತೋರಿಸಲು ಸಂಕೋಚ ಅನಿಸಿದರೆ ಮಹಿಳಾ ಡಾಕ್ಟರನ್ನು ಕೇಳಬಹುದು. ನೋಡದೆ, ಮುಟ್ಟದೆ ಮಾತ್ರೆ ಬರೆದುಕೊಟ್ಟರೆ ಒಳಗೆ ಕೀವಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಮೊದಲ ಸಲಕ್ಕೆ ಸಾಮಾನ್ಯವಾಗಿ ಪರೀಕ್ಷೆ ಬೇಕಾಗುವುದಿಲ್ಲ. ಔಷಧಿಗೆ ಬಗ್ಗದಿದ್ದರೆ ಅಥವಾ ಪದೇ ಪದೇ ಬಂದರೆ ಹಾಲಿನ ಕಲ್ಚರ್ ಪರೀಕ್ಷೆ (ಹಾಲಿನಲ್ಲಿ ಯಾವ ರೋಗಾಣು ಇದೆ ಅಂತ ನೋಡುವುದು), ಗಂಟು ಉಳಿದರೆ ಅಲ್ಟ್ರಾಸೌಂಡ್.

ಆಂಟಿಬಯಾಟಿಕ್ ಬೇಕೇ ಬೇಕಾ?

ಎಲ್ಲರಿಗೂ ಬೇಡ. ಬರೀ ಬಾವಾಗಿದ್ದರೆ ಅದರಿಂದ ಲಾಭ ಇಲ್ಲ. ಸೋಂಕಾಗಿದ್ದರೆ ಬೇಕೇ ಬೇಕು, ಹೆದರಿ ಬಿಡಬಾರದು. ಇಲ್ಲಿ ಹೆಚ್ಚಾಗಿ ಕಾಣುವ ರೋಗಾಣು ಸ್ಟ್ಯಾಫಿಲೋಕಾಕಸ್ ಆರಿಯಸ್, ನಮ್ಮ ಚರ್ಮ, ಮೂಗಿನಲ್ಲೇ ಇರುವಂಥದ್ದು. ಅದಕ್ಕೆ ಫ್ಲುಕ್ಲಾಕ್ಸಾಸಿಲಿನ್, ಡೈಕ್ಲಾಕ್ಸಾಸಿಲಿನ್, ಸೆಫಲೆಕ್ಸಿನ್‌ನಂಥ ಔಷಧಿಗಳನ್ನು 10ರಿಂದ 14 ದಿನ ಕೊಡುವುದು ರೂಢಿ. ಇವನ್ನು ತಗೊಳ್ಳುತ್ತಾ ಹಾಲು ಕೊಡಬಹುದು. ಮಗುವಿನ ಮಲ ಸ್ವಲ್ಪ ತೆಳ್ಳಗಾಗಬಹುದು, ಬಾಯಲ್ಲಿ ಬಿಳಿ ಅಗ್ರ ಕಾಣಬಹುದು. ಕಂಡರೆ ತಿಳಿಸಿ.

ಎರಡು ದಿನದಲ್ಲಿ ಗುಣ ಕಾಣಬೇಕು. 48 ಗಂಟೆಯಾದರೂ ಜ್ವರ ಹಾಗೇ ಇದ್ದರೆ ಮರಳಿ ಹೋಗಿ. ಆ ರೋಗಾಣುವಿಗೆ ಈ ಔಷಧಿ ನಾಟದಿರಬಹುದು, ಅಥವಾ ಕೀವು ಕಟ್ಟಿರಬಹುದು. ಮೇಲು ಅನಿಸಿತು ಅಂತ ಮಧ್ಯದಲ್ಲೇ ನಿಲ್ಲಿಸುವುದು, ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಮಾತ್ರೆ ನುಂಗುವುದು, ಎರಡೂ ಬೇಡ.

ಕೀವು ಕಟ್ಟಿದೆ ಅಂತ ಹೇಗೆ ಗೊತ್ತಾಗುತ್ತದೆ? ಆಪರೇಷನ್ ಮಾಡುತ್ತಾರಾ?

ಜ್ವರ ಇಳಿದರೂ ಒಂದು ಗಂಟು ಮಾತ್ರ ಉಳಿದು ನೋಯುತ್ತಿರುತ್ತದೆ, ಒತ್ತಿದರೆ ನೀರು ತುಂಬಿದ ಚೀಲದಂತೆ ಅನಿಸುತ್ತದೆ. ಮೇಲಿನ ಚರ್ಮ ತೆಳುವಾಗಿ ಹೊಳೆಯುತ್ತದೆ. ಕೀವು ಆಳದಲ್ಲಿದ್ದರೆ ಹೊರಗೆ ಏನೂ ತಿಳಿಯದು, ಅಲ್ಟ್ರಾಸೌಂಡ್‌ನಲ್ಲೇ ಕಾಣಬೇಕು. ಬಾವು ಬಂದವರಲ್ಲಿ ನೂರಕ್ಕೆ ಸುಮಾರು 3ರಿಂದ 11 ಮಂದಿಗೆ ಹೀಗಾಗುತ್ತದೆ.

ಕೀವು ಮಾತ್ರೆಗೆ ಕರಗುವುದಿಲ್ಲ, ಹೊರಗೆ ತೆಗೆಯಬೇಕು. ಈಗ ಹೆಚ್ಚಾಗಿ ಆ ಜಾಗ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯಿಂದ ಎಳೆಯುತ್ತಾರೆ. ಒಂದಕ್ಕಿಂತ ಹೆಚ್ಚು ಸಲ ಬೇಕಾಗಬಹುದು. ದೊಡ್ಡದಿದ್ದರೆ ಸಣ್ಣ ಗಾಯ ಮಾಡಿ ಕೊಳವೆ ಇಡುತ್ತಾರೆ. ಗಾಯ ಮಗುವಿನ ಬಾಯಿಗೆ ತಾಗದ ಜಾಗದಲ್ಲಿದ್ದರೆ ಅದೇ ಎದೆಯಿಂದ ಹಾಲು ಕೊಡುವುದನ್ನೂ ಮುಂದುವರಿಸಬಹುದು. ಮನೆಯಲ್ಲಿ ಒತ್ತಿ ಒಡೆಯುವ ಸಾಹಸ ಮಾತ್ರ ಖಂಡಿತ ಬೇಡ.

ತೊಟ್ಟಿನ ತುದಿಯಲ್ಲಿ ಬಿಳಿ ಚುಕ್ಕೆ ಇದೆ. ಸೂಜಿಯಿಂದ ಚುಚ್ಚಲಾ?

ಚುಚ್ಚಬೇಡಿ, ಕೆರೆಯಬೇಡಿ. ಅದು ಒಳಗಿನ ಬಾವಿನ ತುದಿ ಹೊರಗೆ ಕಂಡಂತೆ. ಚುಚ್ಚಿದರೆ ಗಾಯವಾಗಿ, ಗಟ್ಟಿಯಾಗಿ, ಮತ್ತೆ ಮುಚ್ಚಿಕೊಳ್ಳುತ್ತದೆ. ಹೋಗದಿದ್ದರೆ ಹಚ್ಚಲು ಮುಲಾಮು ಬರೆದುಕೊಡುತ್ತಾರೆ.

ಮಗು ಸರಿಯಾಗಿ ಹಿಡಿದಿದೆಯಾ ಅಂತ ನೋಡುವುದು ಹೇಗೆ?

ಬಾಯಿ ಆಕಳಿಸಿದಷ್ಟು ಅಗಲ ತೆರೆದಿರಬೇಕು. ಕೆಳತುಟಿ ಹೊರಗೆ ಮಡಚಿರಬೇಕು. ಗದ್ದ ಎದೆಗೆ ತಾಗಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ತುಟಿಯ ಕಡೆ ಹೆಚ್ಚು, ಕೆಳತುಟಿಯ ಕಡೆ ಕಡಿಮೆ ಕಾಣಬೇಕು. ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಬೇಕು, ಕುತ್ತಿಗೆ ತಿರುಚಿರಬಾರದು. ಬಾಯಿ ಬಿಟ್ಟಾಗ ತೊಟ್ಟು ಚಪ್ಪಟೆಯಾಗಿ ಲಿಪ್‌ಸ್ಟಿಕ್‌ನ ತುದಿಯಂತೆ ಓರೆಯಾಗಿದ್ದರೆ ಹಿಡಿತ ಸರಿಯಿಲ್ಲ. ಕಿರುಬೆರಳನ್ನು ಬಾಯಂಚಿಗೆ ಹಾಕಿ ಬಿಡಿಸಿ ಮತ್ತೆ ಹಿಡಿಸಿ. ಬಿರಿದ ತೊಟ್ಟು ರೋಗಾಣುವಿಗೆ ತೆರೆದ ಬಾಗಿಲು. ಹಾಗಾಗಿ ಇದನ್ನು ಸರಿಮಾಡಿಕೊಳ್ಳುವುದು ಬರೀ ನೋವಿನ ಪ್ರಶ್ನೆಯಲ್ಲ. ಹಾಲುಣಿಸುವುದನ್ನು ಹೇಳಿಕೊಡುವ ನರ್ಸ್ ಅಥವಾ ಸಲಹೆಗಾರರು ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿದರೆ, ಹತ್ತು ಪುಟ ಓದಿದ್ದಕ್ಕಿಂತ ಮೇಲು.

ವಾಸಿಯಾದ ಮೇಲೆ ಆ ಕಡೆ ಹಾಲು ಕಡಿಮೆಯಾಗಿದೆ. ಇನ್ನು ಹೀಗೇನಾ?

ಇಲ್ಲ. ಬಾವು ಇದ್ದಾಗ ಹಾಲು ತಗ್ಗುತ್ತದೆ. ಮಗು ಕುಡಿಯುತ್ತಾ ಹೋದಂತೆ ಹೆಚ್ಚಿನವರಿಗೆ ಮರಳಿ ಬರುತ್ತದೆ.

ಮೂರನೇ ಸಲ ಬಂದಿದೆ. ಯಾಕೆ ಹೀಗೆ?

ಬೇರೆ ಬೇರೆ ಜಾಗದಲ್ಲಿ ಬರುತ್ತಿದ್ದರೆ ಕಾರಣ ಹೆಚ್ಚಾಗಿ ಹಾಲು ಜಾಸ್ತಿ ಇರುವುದು, ಪಂಪಿನ ಅಭ್ಯಾಸ ಅಥವಾ ಹಿಡಿತ. ಪ್ರತಿ ಸಲ ಅದೇ ಜಾಗದಲ್ಲಿ ಬಂದರೆ ಮಾತ್ರೆ ತಗೊಂಡು ಸುಮ್ಮನಾಗಬೇಡಿ, ಅಲ್ಟ್ರಾಸೌಂಡ್ ಕೇಳಿ. ಒಳಗೆ ಹಾಲಿನ ಚೀಲವೋ ಬೇರೆ ಗಂಟೋ ಅಡಗಿರಬಹುದು.

ಗಂಟು ಹೋಗುತ್ತಲೇ ಇಲ್ಲ. ಕ್ಯಾನ್ಸರ್ ಅಂತ ಭಯ.

ಹಾಲುಣಿಸುವಾಗಿನ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಬಾವಿನಂತೆಯೇ ಕಾಣುವ ಒಂದು ಬಗೆಯ ಸ್ತನ ಕ್ಯಾನ್ಸರ್ ಇದೆ. ಅದು ಅಪರೂಪ. ಔಷಧಿ ಮುಗಿದರೂ ಬಣ್ಣ, ಊತ ಇಳಿಯದಿದ್ದರೆ, ಚರ್ಮ ಕಿತ್ತಳೆ ಸಿಪ್ಪೆಯಂತೆ ಚುಕ್ಕೆ ಚುಕ್ಕೆಯಾಗಿದ್ದರೆ, ತೊಟ್ಟು ಹೊಸದಾಗಿ ಒಳಗೆ ಸೇದಿಕೊಂಡಿದ್ದರೆ, ಗಂಟು ಎರಡು ವಾರ ದಾಟಿದರೂ ಹಾಗೇ ಇದ್ದರೆ ಪರೀಕ್ಷೆ ಮಾಡಿಸಿ. ಅಲ್ಟ್ರಾಸೌಂಡ್, ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ), ಬೇಕಾದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷಿಸುವುದು) ಎಲ್ಲವನ್ನೂ ಹಾಲು ಕೊಡುತ್ತಿರುವಾಗಲೇ ಮಾಡಬಹುದು. "ಹಾಲು ಬಿಡಿಸಿದ ಮೇಲೆ ನೋಡೋಣ" ಅಂತ ಮುಂದೂಡುವುದು ಬೇಡ.

ಸಾಕಾಗಿಹೋಗಿದೆ, ಹಾಲು ಬಿಡಿಸಿಬಿಡಲಾ?

ಅದು ನಿಮ್ಮ ತೀರ್ಮಾನ, ಯಾರೂ ಅದಕ್ಕೆ ಹಳಿಯುವಂತಿಲ್ಲ. ಆದರೆ ಬಾವಿನ ಮಧ್ಯೆ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಮೊದಲು ಇದು ಇಳಿಯಲಿ. ಆಮೇಲೆ ದಿನದ ಒಂದೊಂದೇ ಹೊತ್ತನ್ನು ಕಡಿಮೆ ಮಾಡಿ, ನಡುವೆ ಕೆಲವು ದಿನ ಬಿಟ್ಟು ಮುಂದಿನದಕ್ಕೆ ಹೋಗಿ. ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಹಾಲು ಬತ್ತಿಸುವುದು ಇನ್ನೊಂದು ಬಾವಿಗೆ ದಾರಿ.

ನೋವು ಹೋದ ಮೇಲೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಬರದಿದ್ದರೆ, ಬದುಕೇ ಬೇಡ ಅನಿಸಿದರೆ ಅದನ್ನೂ ಡಾಕ್ಟರಿಗೆ ಹೇಳಿ. ಬದುಕೇ ಬೇಡ ಅನ್ನುವ ಯೋಚನೆ ಬಂದಿದ್ದರೆ ಅದೇ ದಿನ.

ನಾನು ಗಂಡ. ನಾನೇನು ಮಾಡಲಿ?

ಮಗುವನ್ನು ಎತ್ತಿ ಅವರ ಕೈಗೆ ಕೊಡಿ, ಕುಡಿದಾದ ಮೇಲೆ ವಾಪಸ್ ತಗೊಳ್ಳಿ. ಐಸ್, ನೀರು, ಊಟ, ಮಾತ್ರೆಯ ಹೊತ್ತು ನಿಮ್ಮ ಲೆಕ್ಕದಲ್ಲಿರಲಿ. ಒತ್ತಿ ಕೊಡುತ್ತೇನೆ ಅಂತ ಬಂದವರನ್ನು ಬಾಗಿಲಲ್ಲೇ ತಡೆಯಿರಿ. 24 ಗಂಟೆ ಎಣಿಸುವ ಕೆಲಸವೂ ನಿಮ್ಮದೇ. ಜ್ವರದಲ್ಲಿ ಮಲಗಿದವರಿಗೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ, "ಇನ್ನೊಂದು ಸ್ವಲ್ಪ ನೋಡೋಣ" ಅನ್ನುತ್ತಲೇ ಇರುತ್ತಾರೆ. ನೀವು ಕಾರಿನ ಕೀ ಕೈಗೆತ್ತಿಕೊಳ್ಳಿ, ಆಟೋ ಕರೆಯಿರಿ, ಏನಾದರೂ ಮಾಡಿ. ಹೊರಡಿಸಿ.